ಅಪ್‌ಡೇಟ್: ಆಪ್ ಟ್ಯಾಕ್ಸಿ ಅಪಘಾತ, ಅಮ್ಮನ ಆಸ್ಪತ್ರೆ ಖರ್ಚು

ಬೆಂಗಳೂರಿನಲ್ಲಿ ಆಪ್‌ನಲ್ಲಿ ಬುಕ್ ಮಾಡಿದ ಟ್ಯಾಕ್ಸಿ ಡಿವೈಡರ್‌ಗೆ ಗುದ್ದಿ ಅಮ್ಮನ ಕೈ ಮುರಿದಿತ್ತು. ಖರ್ಚು ಯಾರು ಕೊಡಬೇಕು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಆಪ್‌ನ ಚಾಟ್‌ನಲ್ಲಿ ದೂರು ಕೊಡುವುದರಿಂದ ಏನೂ ಆಗಲಿಲ್ಲ, ಬಂದದ್ದೆಲ್ಲ ಒಂದೇ ಸಿದ್ಧ ಉತ್ತರ. ದಾರಿ ತೋರಿಸಿದ್ದು "ಟ್ರಿಪ್ ರಸೀದಿ ಹಿಡಿದು ನೇರ ವಿಮಾ ಕಂಪನಿಗೆ ಹೋಗಿ" ಎಂಬ ಸಲಹೆ. ಎಫ್‌ಐಆರ್ ಪ್ರತಿ, ಡಿಸ್ಚಾರ್ಜ್ ಸಮರಿ, ಮೂಲ ಬಿಲ್ಲುಗಳನ್ನು ಕೊಟ್ಟ ಮೇಲೆ ಟ್ರಿಪ್ ವಿಮೆಯ (ಆಪ್‌ನಲ್ಲಿ ಬುಕ್ ಮಾಡಿದ ಆ ಪ್ರಯಾಣಕ್ಕಿರುವ ವಿಮೆ) ಹಣ ಬಂತು. ಆದರೆ ಅದು ಪೂರ್ತಿ ಖರ್ಚಿಗೆ ಸಾಲಲಿಲ್ಲ.

ನನಗೆ ಗೊತ್ತೇ ಇರದ ವಿಷಯ ಒಂದಿತ್ತು. ಟ್ಯಾಕ್ಸಿಯ ಥರ್ಡ್ ಪಾರ್ಟಿ ವಿಮೆ (ವಾಹನದಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ವಿಮೆ) ಒಳಗೆ ಕೂತ ಪ್ರಯಾಣಿಕರಿಗೂ ಅನ್ವಯಿಸುತ್ತದೆ. ಪರ್ಮಿಟ್, ಲೈಸೆನ್ಸ್ ಸರಿ ಇದ್ದರೆ ಸಾಮಾನ್ಯವಾಗಿ ಪರಿಹಾರ ಕೊಡುವುದು ವಿಮಾ ಕಂಪನಿಯೇ. ಚಾಲಕನ ಮೇಲೆ ಹೊರೆ ಬೀಳುತ್ತದೆ ಅಂತ ಅಮ್ಮ ಕೇಸೇ ಬೇಡ ಅಂದಿದ್ದರು. ಇದನ್ನು ಕೇಳಿದ ಮೇಲೆ ಒಪ್ಪಿದರು. ಈಗ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದೇವೆ. ತೀರ್ಪಿಗೆ ಸಮಯ ಹಿಡಿಯುತ್ತದೆ ಅಂತ ವಕೀಲರು ಹೇಳಿದ್ದಾರೆ.

ಅರ್ಜಿಯನ್ನು ಅಪಘಾತವಾದ 6 ತಿಂಗಳೊಳಗೆ ಹಾಕಬೇಕು, ಸುಮ್ನೆ ಕಾಯಬೇಡಿ. ಇನ್ನೊಂದು: ವಾಹನದ ವಿಮೆ ಚಾಲ್ತಿಯಲ್ಲಿದೆಯೇ ಎಂದು ಸರ್ಕಾರದ ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿ ನೋಡಬಹುದು. ಬಿಳಿ ಬೋರ್ಡ್ ಕಾರು ಬಾಡಿಗೆಗೆ ಬಂದರೆ ಹತ್ತಬೇಡಿ. ಖಾಸಗಿ ವಾಹನ ಬಾಡಿಗೆಗೆ ಓಡಿಸಿದ್ದಾರೆ ಅಂತ ವಿಮಾ ಕಂಪನಿ ತಕರಾರು ತೆಗೆಯಬಹುದು.