ವಿಷಯ: ‘ಹಾರ್ಡ್‌ಟೇಲ್’ಗೆ ಕನ್ನಡದಲ್ಲಿ ಏನಂತೀರಿ? (ಗುರುವಾರದೊಳಗೆ ಬೇಕು)

ಸರಸ್ವತಿಪುರಂ, ಮೈಸೂರು

ಎಲ್ಲರಿಗೂ ನಮಸ್ಕಾರ.

ಇಲ್ಲೊಂದು ಸೈಕಲ್ ಅಂಗಡಿಯವರು ಹೊಸ ಬೋರ್ಡು ಬರೆಸುತ್ತಿದ್ದಾರೆ. ಕನ್ನಡ ಭಾಷಾ ಕಾಯ್ದೆಗೆ 2024ರ ತಿದ್ದುಪಡಿ ಆದಮೇಲೆ ನೂರಕ್ಕೆ 60 ಪಾಲು ಕನ್ನಡ ಇರಲೇಬೇಕಲ್ಲ, ಆ ಕೆಲಸ ನನ್ನ ಕೊರಳಿಗೆ ಬಿತ್ತು. ಜತೆಗೆ ಗಿರಾಕಿಗಳ ಕೈಗೆ ಕೊಡೋಕೆ ನಾಲ್ಕು ಪುಟದ ಒಂದು ಹಾಳೆ: ‘ಮಾಗಿಯಲ್ಲಿ ವೇಗವಾಗಿ ತುಳಿಯುವವರಿಗೆ ಮಧ್ಯಮ ಬೆಲೆಯ ಹಾರ್ಡ್‌ಟೇಲ್’. ಮೂಲ ಬರಹ ಚಳಿದೇಶದ್ದು. ಅದರ ತುಂಬ ಹಿಮ, ಕೆಸರು, ರಸ್ತೆಗೆ ಎರಚಿದ ಉಪ್ಪು. ಅವನ್ನೆಲ್ಲ ತೆಗೆದು ಉಪ್ಪಿನ ಜಾಗಕ್ಕೆ ಹುರುಳಿ ಹಾಕಿದ್ದೇನೆ. ತಮಾಷೆಗಲ್ಲ. ಡಿಸೆಂಬರಿನಲ್ಲಿ ವರುಣಾ ನಾಲೆಯ ಕಡೆ ಹೋದವರಿಗೆ ಗೊತ್ತು, ಊರು ಬಂತೆಂದರೆ ರಸ್ತೆಯೇ ಕಣ. ಹೋದ ವರ್ಷ ಮಂಜಿನಲ್ಲಿ ಕಾಣದೆ ಹುರುಳಿ ಬಳ್ಳಿಯ ಮೇಲೇ ಹತ್ತಿಸಿದೆ. ಹಿಂದಿನ ಗೇರಿನ ಪುಟ್ಟ ಹಲ್ಲುಗಾಲಿಗಳಿಗೆ ಬಳ್ಳಿ ಜಡೆ ಹೆಣೆದಂತೆ ಸುತ್ತಿಕೊಂಡಿತ್ತು. ರಸ್ತೆ ಬದಿಯಲ್ಲಿ ಕೂತು ಪಿನ್ನಿನಲ್ಲಿ ಎಳೆ ಎಳೆಯಾಗಿ ಬಿಡಿಸಬೇಕಾದರೆ ಅರ್ಧ ಗಂಟೆ. ಒಕ್ಕುತ್ತಿದ್ದ ಅಜ್ಜಿ, ‘ನಮ್ ಹುಳ್ಳಿ ಬುಟ್ಬುಟ್ ಹೋಗವ್ವ’ ಅಂದರು.

ವಸ್ತು ಏನೆಂದರೆ, ಮುಂದಿನ ಫೋರ್ಕಿಗೆ ಶಾಕ್ ಇರುತ್ತದೆ. ಹಿಂದೆ ಏನೂ ಇಲ್ಲ, ಗಾಲಿ ನೇರವಾಗಿ ಫ್ರೇಮಿಗೇ ಕೂತಿರುತ್ತದೆ. ಎರಡೂ ಕಡೆ ಶಾಕ್ ಇರುವುದಕ್ಕಿಂತ ಹಗುರ, ಅಗ್ಗ, ತುಳಿದ ಶಕ್ತಿ ಸ್ಪ್ರಿಂಗಿನಲ್ಲಿ ಸೋರುವುದು ಕಡಿಮೆ.

ನಾನು ಬರೆದು ಹೊಡೆದುಹಾಕಿದವು: ಗಟ್ಟಿಬಾಲ (ಮನೆಯವರು ‘ಯಾರದು?’ ಎಂದು ಕೇಳಿದರು), ಬಿಗಿಬೆನ್ನು, ದೃಢಪುಚ್ಛ (ಇದಕ್ಕೆ ನಾನೇ ನಕ್ಕೆ). ‘ಮೌಂಟನ್ ಬೈಕ್’ ಎಂದೂ ಬರೆಯುವ ಹಾಗಿಲ್ಲ, ನಮ್ಮಲ್ಲಿ ಬೈಕ್ ಎಂದರೆ ಪೆಟ್ರೋಲ್ ಕುಡಿಯಬೇಕು. ಬೋರ್ಡಿನವನು ಶುಕ್ರವಾರ ಬಣ್ಣ ಕಲಸುತ್ತಾನೆ.

*

ಕುವೆಂಪುನಗರ, ಮೈಸೂರು

ದೃಢಪುಚ್ಛಕ್ಕೆ ನಗುವಂಥದ್ದೇನಿದೆ ತಾಯಿ? ನಗಬೇಕಾದ್ದು ಗಟ್ಟಿಬಾಲಕ್ಕೆ. ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಅರಿಸಮಾಸದ ಭಯ ಬೇಡ, ‘ವಾಲ’ದಿಂದ ಬಂದ ಬಾಲ ತದ್ಭವವೇ. ದೋಷ ಬೇರೆ ಕಡೆ ಇದೆ. ಮೂಲಪದ ಬಹುವ್ರೀಹಿ, ನೀವು ಕಟ್ಟಿದ್ದನ್ನು ಓದುಗ ಕರ್ಮಧಾರಯವಾಗಿ ಬಿಡಿಸುತ್ತಾನೆ. ಮುಕ್ಕಣ್ಣ ಎಂದರೆ ಕಣ್ಣಲ್ಲ, ಶಿವ. ಗಟ್ಟಿಬಾಲ ಎಂದರೆ ಸೈಕಲ್ಲಲ್ಲ, ಬಾಲ. ನಿಮ್ಮ ಮನೆಯವರ ಪ್ರಶ್ನೆ ವ್ಯಾಕರಣಬದ್ಧವಾಗಿಯೇ ಇದೆ.

‘ಸ್ಥಿರಪೃಷ್ಠ’ವನ್ನು ಪರಿಶೀಲಿಸಿ.

ಇನ್ನೊಂದು. ಡಿಸೆಂಬರಿನ ಸವಾರಿಗೆ ‘ಮಾಗಿ’ ಹೊಂದದು. ಮಾಗಿ ಮಾಘದ ತದ್ಭವ. ಮಾರ್ಗಶಿರ, ಪುಷ್ಯ ಹೇಮಂತದ ತಿಂಗಳುಗಳು. ಹೇಮಂತವೆನ್ನಿ.

*

ಮಂಡ್ಯ

ಬಾಲ ಸಂಸ್ಕ್ರುತದ್ದು ಎಂದು ಮೇಶ್ಟ್ರೇ ಒಪ್ಪಿಕೊಂಡಮೇಲೆ ಮಾತು ಮುಗಿಯಬೇಕಿತ್ತು. ‘ತೋಕೆ’ ಎಂಬ ನಮ್ಮದೇ ಪದ ಇರುವಾಗ ಬಾಲ ಯಾಕೆ ಬೇಕು? ತಮಿಳಿನಲ್ಲಿ ನವಿಲಿನ ಗರಿಗೆ ಇವತ್ತಿಗೂ ತೋಗೈ ಅನ್ನುತ್ತಾರೆ. ನಮ್ಮಲ್ಲಿ ನವಿಲಿನ ಸೋಗೆ, ಕಬ್ಬಿನ ಸೋಗೆ. ಕಬ್ಬು ಹೇರಿದ ಗಾಡಿ ಮಯ್‌ಶುಗರ್ ಕಾರ್ಕಾನೆ ಕಡೆ ಹೋಗುವಾಗ ಹಿಂದೆ ರಸ್ತೆ ಗುಡಿಸಿಕೊಂಡು ಹೋಗುವುದು ಏನು? ಸೋಗೆ. ಅದೇ ಬಾಲ. ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಪೆಡಸು + ತೋಕೆ = ಪೆಡಸುದೋಕೆ. ಬರೆಸಿ.

ಮಾಗಿಯೂ ಮಾಗದಿಂದ ಬಂದದ್ದಲ್ಲ, ‘ಮಾಗು’ ಎಂಬುದರಿಂದ. ಪಯಿರು ಮಾಗುವ ಕಾಲ ಮಾಗಿ.

*

ಕುವೆಂಪುನಗರ

ಮಾಗುವಿನಿಂದ ಮಾಗಿ: ಅಲ್ಲ.

*

ವಿಜಯನಗರ 2ನೇ ಹಂತ, ಮೈಸೂರು

ಪದದ ಜಗಳ ನೀವು ಮಾಡಿಕೊಳ್ಳಿ, ನಾನು ತುಳಿಯುವವನು. ಮೇಡಂ ಕರಡು ಕಳಿಸಿದ್ದರು, ಅದರಲ್ಲಿ ಮೂರು ಕಡೆ ತಿದ್ದಬೇಕು.

ಒಂದು: ‘29 ಇಂಚಿನ ಗಾಲಿ ನಮ್ಮ ಹಳೇ ಸೈಕಲ್ಲಿಗಿಂತ ದೊಡ್ಡದು’ ಎಂದಿದ್ದೀರಿ. ಹೆಸರಿಗೆ ಹಾಗೆ. ಟೈರು ಕೂರುವ ಜಾಗದಲ್ಲಿ ರಿಮ್ಮಿನ ಅಡ್ಡಳತೆ ನೋಡಿದರೆ 29ರದು 622 ಮಿ.ಮೀ., ಹಾಲು ಹಾಕುವವರ ಕರೀ ಸೈಕಲ್ಲಿನ 28×1½ದು 635. ನಮ್ಮ ತಾತನ ಸೈಕಲ್ಲಿನ ರಿಮ್ಮೇ ದೊಡ್ಡದು. 29 ಅನ್ನುವ ಲೆಕ್ಕ ದಪ್ಪ ಟೈರು ಸೇರಿಸಿ ಬಂದದ್ದು.

ಎರಡು: ವೇಗಕ್ಕೆ ‘ಹೆಚ್ಚು ಗೇರು ಇರುವುದನ್ನು ಕೊಳ್ಳಿ’ ಎಂಬ ಸಾಲು ತೆಗೆದೇಬಿಡಿ. ಮಧ್ಯಮ ಬೆಲೆಯಲ್ಲಿ ಅಂಗಡಿಯವರು ಮಾಡುವ ಚಮತ್ಕಾರವೇ ಅದು: ಕಣ್ಣಿಗೆ ಕಾಣುವ ಹಿಂದಿನ ಡೀರೇಲರ್ (ಗೇರು ಬದಲಿಸಲು ಚೈನು ಸರಿಸುವ ಭಾಗ) ಒಂದನ್ನು ಮೇಲ್ದರ್ಜೆಯದು ಹಾಕಿ, ಗಾಲಿಯ ನಡುವಿನ ಹಬ್ಬು, ಫೋರ್ಕು, ಬ್ರೇಕಿನಲ್ಲಿ ಉಳಿಸಿಕೊಳ್ಳುತ್ತಾರೆ. ಗಿರಾಕಿ ಮೊದಲು ಕೇಳಬೇಕಾದ್ದು ಫೋರ್ಕು. ಕಾಯಿಲ್ ಸ್ಪ್ರಿಂಗಿನದು ಭಾರ, ಸವಾರನ ತೂಕಕ್ಕೆ ಹೊಂದಿಸಲು ಹೆಚ್ಚು ಅವಕಾಶ ಇರುವುದಿಲ್ಲ. ಗಾಳಿಯದಾದರೆ ಪಂಪಿನಲ್ಲೇ ಹೊಂದಿಸಬಹುದು. ನಾಲೆ ಏರಿಗೆ 100 ಮಿ.ಮೀ. ಆಟ ಧಾರಾಳ. ಫೋರ್ಕು ಕುಗ್ಗದಂತೆ ಬಿಗಿಯುವ ಲಾಕೌಟ್ ಇರಲೇಬೇಕು, ಇಲ್ಲದಿದ್ದರೆ ಚಾಮುಂಡಿ ಬೆಟ್ಟದ ಡಾಂಬರಿನಲ್ಲಿ ನಿಂತು ತುಳಿಯುವಾಗ ಫೋರ್ಕು ದಂಡ ಹೊಡೆಯುತ್ತೆ. ಆಮೇಲೆ ಹಬ್ಬು: ಹಿಂದಿನ ಹಲ್ಲುಗಾಲಿಗಳು ತಿರುಪಿ ಕೂರಿಸುವ ಫ್ರೀವೀಲೋ, ಜಾರಿಸಿ ಕೂರಿಸುವ ಕ್ಯಾಸೆಟ್ಟೋ ಕೇಳಿ. ಫ್ರೀವೀಲಿನದರಲ್ಲಿ ಭಾರಕ್ಕೆ ಅಚ್ಚು ಬೇಗ ಬಾಗುತ್ತೆ, ನನ್ನದು ಎರಡು ಬಾಗಿದೆ. ಟೈರಿಗೆ ನಡುವೆ ಗುಬಟು ಕಡಿಮೆ ಇರಲಿ, 2.1–2.2 ಇಂಚು ಸಾಕು. ನಮ್ಮ ಚಳಿಗಾಲ ಒಣಗಾಲ, ಅವರ ಕೆಸರಿನ ಟೈರು ಇಲ್ಲಿ ಡಾಂಬರಿನ ಮೇಲೆ ಗೋಂಯ್ ಅನ್ನೋಕಷ್ಟೇ.

ಮೂರು: ಗಾಳಿಯ ವಿಷಯ ಸೇರಿಸಿ. ಮಧ್ಯಾಹ್ನದ ಬಿಸಿಲಿಗೆ 30 ಪಿಎಸ್‌ಐ ಹಾಕಿಟ್ಟು ಬೆಳಗಿನ ಜಾವ ಹೊರಟರೆ, 10 ಡಿಗ್ರಿ ಇಳಿದಿದ್ದಕ್ಕೆ ಒಂದೂವರೆಯಷ್ಟು ಕಡಿಮೆ ತೋರಿಸುತ್ತೆ. ಪಂಕ್ಚರ್ ಅಂತ ಗಾಬರಿ ಬೀಳುವವರಿದ್ದಾರೆ.

ಪದ? ಹಾರ್ಡ್‌ಟೇಲ್ ಅಂತಲೇ ಬರೆಯಿರಿ. ರಿಮ್ಮು, ಟ್ಯೂಬು, ಪೆಡ್ಲು ಎಲ್ಲ ದಕ್ಕಿಸಿಕೊಂಡ ಹೊಟ್ಟೆಗೆ ಇದೊಂದು ಅಜೀರ್ಣ ಆಗುತ್ತಾ?

*

ಮಂಡ್ಯ

ಆಗುತ್ತೆ. ರಿಮ್ಮು, ಪೆಡ್ಲು ನಮ್ಮ ಬಾಯಿಗೆ ತಕ್ಕ ಹಾಗೆ ಕೊನೆಗೆ ಉಕಾರ ತಗೊಂಡು ಒಳಗೆ ಬಂದವು. ‘ಹಾರ್ಡ್‌ಟೇಲ್’ನಲ್ಲಿ ನಡುವೆ ಎರಡು ಗಂಟು. ನಮ್ಮ ಅವ್ವನ ಬಾಯಲ್ಲಿ ಅಂದಿಸಿ ನೋಡಿ.

*

ಕುವೆಂಪುನಗರ

ತಮ್ಮ ತಾಯಿಯವರ ಬಾಯಲ್ಲಿ ಪೆಡಸುದೋಕೆಯನ್ನೂ ಅನ್ನಿಸಿ ನೋಡಿ.

*

ಸರಸ್ವತಿಪುರಂ

ಫೋರ್ಕು, ಹಬ್ಬಿನ ತಿದ್ದುಪಡಿಗೆ ಥ್ಯಾಂಕ್ಸ್ ಸರ್, ಹಾಗೇ ಹಾಕಿದೆ. ಮಾಗಿಯನ್ನು ಬಿಡುವುದಿಲ್ಲ ಮೇಷ್ಟ್ರೇ, ಮಾಗಿ ಉಳುಮೆ ಮಾಡುವ ರೈತರು ಪಂಚಾಂಗ ತೆಗೆದು ಮಾಘಕ್ಕೆ ಕಾಯುವುದಿಲ್ಲ. ಹೇಮಂತ ಎಂದರೆ ಅಂಗಡಿಯ ಹುಡುಗ ಯಾರೋ ಗಿರಾಕಿಯ ಹೆಸರು ಎಂದುಕೊಳ್ಳುತ್ತಾನೆ.

‘ಕಮಾನು’ ಹೇಗೆ? ಗಡಿಯಾರದ ಸ್ಪ್ರಿಂಗಿಗೆ ಹಳಬರು ಕಮಾನು ಎನ್ನುತ್ತಿದ್ದರಲ್ಲ. ‘ಮುಂಗಮಾನಿನ ಸೈಕಲ್’?

*

ಕುವೆಂಪುನಗರ

ಕಮಾನುಗಾಡಿ ನೋಡಿದ್ದೀರಾ? ಬಿದಿರು ಬಗ್ಗಿಸಿ ಮೇಲೆ ಚಾಪೆ ಹೊದಿಸಿದ್ದು. ಓದುಗನಿಗೆ ಮೊದಲು ಕಾಣುವುದು ಚಾವಣಿ, ಸ್ಪ್ರಿಂಗಲ್ಲ. ಸೈಕಲ್ಲಿಗೆ ಚಾವಣಿ ಹಾಕಿಸುವಿರಾ?

*

ಮಂಡ್ಯ

ಕಮಾನು ಪಾರಸಿ. ಬಿಲ್ಲು ಎಂದೇ ಹುರುಳು. ಸಂಸ್ಕ್ರುತ ಬೇಡ ಎಂದರೆ ಪಾರಸಿ ತರುತ್ತೀರಿ. ಕನ್ನಡವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆಗಬಹುದು ನಿಮಗೆ. ‘ಬಿಲ್ಲು’ ಅನ್ನಲು ನಾಚಿಕೆಯೇ?

*

ವಿಜಯನಗರ

ಅಂಗಡಿಯಲ್ಲಿ ಬಿಲ್ಲು ಅಂದರೆ ಗಿರಾಕಿ ಜಿಎಸ್‌ಟಿ ಎಷ್ಟು ಅಂತ ಕೇಳ್ತಾನೆ ಸ್ವಾಮಿ.

ಒಂದು ಮಾತು ಹೇಳಿ ಸುಮ್ಮನಾಗ್ತೀನಿ. 2017ರಲ್ಲಿ ಮೈಸೂರಿನ ಬಾಡಿಗೆ ಸೈಕಲ್ಲಿಗೆ ‘ಟ್ರಿಣ್ ಟ್ರಿಣ್’ ಅಂತ ಹೆಸರಿಟ್ಟಾಗ ಯಾರಾದರೂ ನಿಘಂಟು ತೆಗೆದರಾ? ಅದು ಸಂಸ್ಕೃತವೋ ಪಾರಸಿಯೋ? ಬೆಲ್ಲಿನ ಸದ್ದು. ಎಲ್ಲರಿಗೂ ಅರ್ಥವಾಯಿತು.

*

ಕುವೆಂಪುನಗರ

ಅನುಕರಣಾವ್ಯಯಕ್ಕೂ ಪಾರಿಭಾಷಿಕಕ್ಕೂ ವ್ಯತ್ಯಾಸ ತಿಳಿಯದವರೊಡನೆ ನನಗೆ ವಾದವಿಲ್ಲ.

*

ಗುತ್ತಲು ರಸ್ತೆ, ಮಂಡ್ಯ

ನಮಸ್ಕಾರ. ಇಲ್ಲಿ ಓದ್ತಾ ಇರ್ತೀನಿ, ಬರೆಯೋದು ಕಡಿಮೆ. ನಮ್ಮಪ್ಪಂದು ಸೈಕಲ್ ರಿಪೇರಿ ಅಂಗಡಿ. ಪಂಕ್ಚರ್ ಹಾಕ್ಕೊಂಡೇ ನಮ್ಮನ್ನ ಓದಿಸಿದ್ದು.

ಪದ ಕಟ್ಟೋದು ಅಂದ್ರೆ ಯಾಕೆ ಯಾವಾಗ್ಲೂ ಮೇಜಿನ ಮುಂದೆ ಕೂತೇ ಕಟ್ಟಬೇಕು? ‘ಒಳಪೆಡ್ಲು’ ಕಟ್ಟಿದ್ದು ಯಾರು? ಕಾಲು ನಿಲುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ, ಒಂದು ಕಡೆ ಬಾಗಿ ತುಳೀತಿದ್ರಲ್ಲ, ಆ ಭಂಗಿಗೆ ಅದಕ್ಕಿಂತ ಚೆನ್ನಾಗಿರೋ ಪದ ಯಾವ ಸಮಿತಿ ಕೊಡುತ್ತೆ? ಒಳ ಕನ್ನಡ, ಪೆಡ್ಲು ಇಂಗ್ಲಿಷು. ಅರಿಸಮಾಸವೇ ಇರಬಹುದು. ಮೊಣಕಾಲು ತರಚ್ಕೊಂಡೋರಿಗೆ ಯಾರಿಗೂ ಅದು ಗೊತ್ತಾಗಲಿಲ್ಲ.

ನಿನ್ನೆ ಸಂಜೆ ಅಪ್ಪನ್ನ ಕೇಳ್ದೆ. ಅವರು ತಿರುಗು ಸ್ಟ್ಯಾಂಡಿನ ಮೇಲೆ ರಿಮ್ಮು ಬೆಂಡು ತೆಗೀತಿದ್ರು. ಕಡ್ಡಿ ಕೀ ಕಾಲು ಸುತ್ತು ತಿರುಗ್ಸೋದು, ಗಾಲಿ ಬಿಡೋದು, ಸೀಮೆಸುಣ್ಣ ತಾಗೋ ಕಡೆ ನೋಡೋದು. ತಲೆ ಎತ್ತದೇ ಹೇಳಿದ್ರು: ‘ಅದಾ? ಎರಡೂ ಕಡೆ ಇದ್ರೆ ಡಬಲ್ ಸಾಕು. ಇದು ಮುಂದ್ ಸಾಕು.’

ನಮ್ಮ ಕಡೆ ಶಾಕು ‘ಸಾಕು’ ಆಗುತ್ತೆ, ನಿಮಗೆ ಗೊತ್ತಿರೋದೇ. ಹಂಗಾರೆ ‘ಒಂಟಿ ಶಾಕು’ ಅನ್ಬೋದಾ ಅಂದೆ. ‘ಥೂ, ಒಂಟಿ ಅಂದ್ರೆ ಮೋಟ್ರುಬೈಕಿನ ಮಾನೋಶಾಕ್ ಅನ್ಕೊತಾರೆ, ಅದಿರೋದು ಹಿಂದ್ಗಡೆ’ ಅಂದ್ರು. ಅಲ್ಲಿಗೆ ಗಾಲಿ ಮತ್ತೆ ತಿರುಗಿಸಿದ್ರು.

*

ಸರಸ್ವತಿಪುರಂ

ಅಯ್ಯೋ, ಮುಂದ್ ಸಾಕು! ಹೆಸರೂ ಆಯಿತು, ಯಾಕೆ ಕೊಳ್ಳಬೇಕು ಅನ್ನುವುದಕ್ಕೆ ಉತ್ತರವೂ ಆಯಿತು. ಹಿಂದೆ ಬೇಡ, ಮುಂದೆ ಸಾಕು. ನಾಲ್ಕು ಪುಟದಲ್ಲಿ ನಾನು ಹೇಳಿದ್ದೂ ಅಷ್ಟೇ. ಅಪ್ಪಾವರಿಗೆ ನನ್ನ ನಮಸ್ಕಾರ ಹೇಳಿ.

*

ವಿಜಯನಗರ

ಚೆನ್ನಾಗಿದೆ. ಆದರೆ ‘ಹಿಂದೆ ಶಾಕ್ ಇಲ್ಲ’ ಅನ್ನುವುದಷ್ಟೇ ಲಕ್ಷಣವಾದರೆ ಕರೀ ಸೈಕಲ್ಲಿಗೂ ಇಲ್ಲ. ಅದಕ್ಕೆ ಸ್ಪ್ರಿಂಗ್ ಇರೋದು ಸೀಟಿನ ಕೆಳಗೆ ಮಾತ್ರ. ‘ಮುಂದ್’ ಅನ್ನೋದು ಇರೋದರಿಂದ ಇದು ಆ ಪರೀಕ್ಷೆ ಪಾಸು. ‘ಹಾರ್ಡ್‌ಟೇಲ್’ ಆ ಪರೀಕ್ಷೆಯಲ್ಲಿ ಫೇಲು, ಹಿಂದೆ ಸ್ಪ್ರಿಂಗ್ ಇಲ್ಲದ ಮೋಟರ್‌ಸೈಕಲ್ಲಿಗೂ ಅದೇ ಹೆಸರು. ನನ್ನ ವೋಟು ಬದಲಾಯಿಸಿದ್ದೇನೆ.

*

ಕುವೆಂಪುನಗರ

ಶಕಾರ ಸಕಾರವಾಗುವುದು ಹಳಗನ್ನಡದಿಂದ ಬಂದ ದಾರಿ, ಶಾಂತಿ ಸಾಂತಿಯಾದ ಹಾಗೆ. ಆ ಮಟ್ಟಿಗೆ ಆಕ್ಷೇಪವಿಲ್ಲ. ಶ್ಲೇಷೆಯೂ ಸಹಜವಾಗಿ ಬಿದ್ದಿದೆ. ಆದರೆ ಶ್ಲೇಷೆ ಫಲಕಕ್ಕೆ ಸರಿ, ಪರಿಭಾಷೆಗೆ ಸಲ್ಲದು. ಕರಪತ್ರದಲ್ಲಿ ಸ್ಥಿರಪೃಷ್ಠವೇ ಇರಲಿ.

*

ಮಂಡ್ಯ

ಸಾಂತಿ ಎಂದು ಮೇಶ್ಟ್ರು ಬಾಯಿ ಬಿಟ್ಟು ಅಂದರಲ್ಲ, ಇವತ್ತಿಗೆ ನನಗೆ ಅದೇ ಹಬ್ಬ. ಶಾಕು ಇಂಗ್ಲಿಶಾದರೂ ಸಾಕು ಕನ್ನಡದ್ದೇ, ಬರೆಸಿ. ತೋಕೆಯ ಮಾತನ್ನು ಬೇರೆ ಓಲೆಯಲ್ಲಿ ಮುಂದುವರಿಸುತ್ತೇನೆ, ಬಿಡುವವನಲ್ಲ.

*

ಸರಸ್ವತಿಪುರಂ

ಬೋರ್ಡಿನ ಮೇಲೆ ಹೋದದ್ದು ಹೀಗೆ: ಮೊದಲ ಸಾಲು ‘ಗೇರ್ ಸೈಕಲ್ ಶಾಪ್’, ಕೆಳಗೆ ದಪ್ಪಕ್ಷರದಲ್ಲಿ ‘ಮುಂದ್ ಸಾಕು’, ಪಕ್ಕದಲ್ಲಿ ಸಣ್ಣದಾಗಿ ‘ಹಾರ್ಡ್‌ಟೇಲ್’. ಹಾಳೆಯ ಒಳಗೆ ಮೊದಲ ಸಲ ಬಂದಲ್ಲಿ ‘ಮುಂದಷ್ಟೇ ಶಾಕ್ ಇರುವ ಸೈಕಲ್, ಅಂದರೆ ಹಾರ್ಡ್‌ಟೇಲ್’ ಎಂದು ಬಿಡಿಸಿ, ಆಮೇಲೆ ಹಾರ್ಡ್‌ಟೇಲ್ ಎಂದೇ ಸಾಗಿಸಿದ್ದೇನೆ. ಕ್ಷಮಿಸಿ ಮೇಷ್ಟ್ರೇ. ಅಂಗಡಿಯವರಿಗೆ ‘ಸಾಕು’ ಅಪಶಕುನ ಅನ್ನಿಸಿತ್ತು, ವ್ಯಾಪಾರ ಸಾಕು ಅಂದ ಹಾಗೆ ಆಗುತ್ತೆ ಎಂದರು. ಅವರ ತಾಯಿ ಬಂದು ಓದಿ ನಕ್ಕಮೇಲೆ ಒಪ್ಪಿಕೊಂಡರು.

*

ಕುವೆಂಪುನಗರ

ಇರಲಿ. ‘ಶಾಪ್’ನ ಪಕಾರಕ್ಕೆ ಅರ್ಧಾಕ್ಷರದ ಗುರುತು ಬರೆಯುವವನು ಹಾಕಿದ್ದಾನೆಯೇ? ಊರಿನ ಅರ್ಧ ಅಂಗಡಿಗಳ ಮೇಲೆ ‘ಶಾಪ’ವೇ ಇದೆ.

*

ಸರಸ್ವತಿಪುರಂ

ಗಾಡಿ ತೆಗೆದೆ. ನೋಡಿ ಬರುತ್ತೇನೆ.