ಮಳೆಗಾಲ ಕಳೆದ ಮೇಲೆ ಸೇತುವೆಯ ಮೇಲೆ ಹಳಿ ಬಾಗಿದೆ, ಸುರಂಗದಲ್ಲಿ ಎಂಜಿನ್ ನಿಲ್ಲುತ್ತಿದೆ, ಚಿತ್ರಗಳೂ ಮಸುಕಾಗಿ ಬರುತ್ತಿವೆ

ಪ್ರಶ್ನೆ: ಮಡಿಕೇರಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಜಿಲ್ಲೆಯಲ್ಲಿ ರೈಲುಮಾರ್ಗವೇ ಇಲ್ಲದಿರುವುದರಿಂದ, ನೆರೆಯ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟಮಾರ್ಗದ ಒಂದು ತುಣುಕನ್ನು ಮನೆಯ ಮಾಳಿಗೆಯ ಕೋಣೆಯಲ್ಲಿ 1:87 ಅಳತೆಯ (ಅಸಲಿನ 87ರಲ್ಲಿ ಒಂದು ಪಾಲಿನ) ಓಡುವ ಮಾದರಿ ರೈಲುಮಾರ್ಗವಾಗಿ ಕಟ್ಟುತ್ತಿದ್ದೇನೆ. ಸುಮಾರು 55 ಕಿ.ಮೀ. ಉದ್ದಕ್ಕೆ 57 ಸುರಂಗಗಳಿರುವ ಆ ದಾರಿಯಿಂದ ನಾನು ಆಯ್ದುಕೊಂಡಿರುವುದು ಒಂದು ಸುರಂಗದ ಬಾಯಿ, ಕಣಿವೆಯನ್ನು ದಾಟುವ ಒಂದು ಗರ್ಡರ್ ಸೇತುವೆ ಮತ್ತು ಅಂಚಿನಲ್ಲಿ ಸಿಲ್ವರ್ ಓಕ್ ಮರಗಳಿರುವ ಕಾಫಿ ತೋಟದ ಒಂದು ಮೂಲೆ, ಇಷ್ಟೇ. ಮಾರ್ಗದ ಏರು ಅಸಲಿನಲ್ಲಿರುವಂತೆಯೇ 50ಕ್ಕೆ 1, ಅಂದರೆ ಪ್ರತಿ ಮೀಟರಿಗೆ 2 ಸೆಂ.ಮೀ. ಇದೆ.

ಹಲಗೆ 3.6 ಮೀಟರ್ ಉದ್ದವಿದ್ದು, ಮೇಲ್ಭಾಗವೂ ಚೌಕಟ್ಟೂ 12 ಮಿ.ಮೀ. ಪ್ಲೈವುಡ್‌ನವು. ಹಳಿ ನಿಕಲ್ ಸಿಲ್ವರ್‌ನದು, ಡಿಜಿಟಲ್ ನಿಯಂತ್ರಣವಿದೆ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆಯಿರುತ್ತದೆಂದು ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಹಳಿ ಹಾಸಿ, ಜಲ್ಲಿ ಹರಡಿ, ನೀರು ಬೆರೆಸಿದ ಫೆವಿಕಾಲ್‌ನಿಂದ ಅಂಟಿಸಿದೆ. ನವೆಂಬರ್–ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿಯವರೆಗೂ ಎಲ್ಲವೂ ಸರಿಯಾಗಿ ಓಡುತ್ತಿತ್ತು. ಈಗ ಬೇಸಿಗೆ ಹತ್ತಿರವಾಗುತ್ತಿದ್ದಂತೆ ಸೇತುವೆಯ ಮೇಲೆ ಹಳಿ ಹಾವಿನಂತೆ ಬಾಗಿ, ಅಲ್ಲಿಯೇ ಬೋಗಿಗಳು ಹಳಿ ತಪ್ಪುತ್ತಿವೆ. ಸುರಂಗದ ಒಳಗೆ ಎಂಜಿನ್ ತಡವರಿಸಿ ನಿಲ್ಲುತ್ತದೆ. ಸೇತುವೆಯನ್ನೇ ಕಿತ್ತು ಹೊಸದಾಗಿ ಕಟ್ಟಬೇಕೇ? ಸುರಂಗದ ಹಳಿಯನ್ನು ಎಮರಿ ಕಾಗದದಿಂದ ಉಜ್ಜಬಹುದೇ?

ಇದರ ಜೊತೆಗೆ ಚಿತ್ರ ತೆಗೆಯುವ ತೊಂದರೆಯೂ ಇದೆ. ಕ್ಯಾಮೆರಾದಲ್ಲಿ ಎಂಜಿನ್ನಿನ ಮೂತಿ ಮಾತ್ರ ಸ್ಪಷ್ಟವಾಗಿ, ಉಳಿದದ್ದೆಲ್ಲ ಮಂಜಾಗಿ ಬರುತ್ತದೆ. ಮೊಬೈಲ್‌ನಲ್ಲಿ ತೆಗೆದರೆ ಚಿತ್ರದ ಮೇಲೆ ಅಡ್ಡಪಟ್ಟೆಗಳು ಕಾಣಿಸುತ್ತವೆ. ಕ್ಯಾಮೆರಾದ ಚಿತ್ರಗಳಲ್ಲಿ ಇತ್ತೀಚೆಗೆ ಹಾಲು ಕಲಸಿದಂಥ ಒಂದು ಬಿಳುಪೂ ಸೇರಿಕೊಂಡಿದೆ.

ಉತ್ತರ: ಸೋಮವಾರಪೇಟೆಯಿಂದ

ಸರ್, ಸೇತುವೆಯನ್ನು ಮುಟ್ಟಬೇಡಿ; ತಪ್ಪು ಅದರದ್ದಲ್ಲವೆಂದು ನನ್ನ ಅನಿಸಿಕೆ. ಹಳಿ ಬಿಸಿಲಿಗೆ ಹಿಗ್ಗಿ ಬಾಗಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ, ಆದರೆ ಲೆಕ್ಕ ಹಾಕಿ ನೋಡಿದರೆ 3.6 ಮೀಟರ್ ನಿಕಲ್ ಸಿಲ್ವರ್ ಹಳಿ 15 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಹಿಗ್ಗುವುದು ಒಂದು ಮಿ.ಮೀ.ಗೂ ತುಸು ಕಡಿಮೆ. ಕಕ್ಕಡದ ತೇವವನ್ನೆಲ್ಲ ಹೀರಿಕೊಂಡು ಹಿಗ್ಗಿದ್ದ ಪ್ಲೈವುಡ್ ಒಣಗುವಾಗ ಸಾವಿರಕ್ಕೆ ಒಂದು ಪಾಲು ಕುಗ್ಗಿದರೂ ಅದೇ ಉದ್ದದಲ್ಲಿ 3.6 ಮಿ.ಮೀ. ಕಡಿಮೆಯಾಗುತ್ತದೆ. ಅಂದರೆ ಹಳಿ ಬೆಳೆದದ್ದಕ್ಕಿಂತ ಅದರ ಕೆಳಗಿನ ನೆಲ ಕಿರಿದಾದದ್ದೇ ಇಲ್ಲಿ ಮುಖ್ಯ ಕಾರಣ, ಮತ್ತು ಫೆಬ್ರವರಿ–ಮಾರ್ಚ್‌ನಲ್ಲಿ ಒಣಹವೆ, ಬಿಸಿಲು ಎರಡೂ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವುದರಿಂದ ಹಳಿಗಳಿಗೆ ಅತಿ ಹೆಚ್ಚು ಇಕ್ಕಟ್ಟಾಗುವ ಕಾಲವೂ ಇದೇ.

ಹಾಗಾದರೆ ಸೇತುವೆಯ ಮೇಲೆಯೇ ಏಕೆ ಬಾಗಿತು ಎಂದು ಕೇಳುವಿರಿ. ಉಳಿದೆಲ್ಲ ಕಡೆ ಜಲ್ಲಿ, ಅಂಟು ಸೇರಿ ಹಳಿಯನ್ನು ಬಿಗಿಯಾಗಿ ಹಿಡಿದಿವೆ; ಗರ್ಡರ್ ಸೇತುವೆಯ ಮೇಲೆ ಜಲ್ಲಿ ಇರುವುದಿಲ್ಲವಾದ್ದರಿಂದ ಇಡೀ ಮಾರ್ಗದ ಒತ್ತಡ ಹೊರಬೀಳಲು ಸಿಕ್ಕುವ ಏಕೈಕ ಸಡಿಲ ಜಾಗ ಅದು. ಹಳಿ ಪಕ್ಕಕ್ಕೆ ಸರಿಯಲು ಬೇಕಾಗುವ ಒತ್ತು ಎಷ್ಟು ಚಿಕ್ಕದೆಂಬುದನ್ನು ತಿಳಿದರೆ ಆಶ್ಚರ್ಯವಾಗುತ್ತದೆ. 40 ಸೆಂ.ಮೀ. ಉದ್ದದ, ತಡೆಯಿಲ್ಲದ ಹಳಿಯ ಎರಡು ತುದಿಗಳು ಕೇವಲ 0.1 ಮಿ.ಮೀ. ಹತ್ತಿರವಾದರೂ ಅದರ ನಡುಭಾಗ ಸುಮಾರು 4 ಮಿ.ಮೀ. ಪಕ್ಕಕ್ಕೆ ಬಾಗಬಲ್ಲದು, ಅರ್ಧ ಮಿ.ಮೀ. ಹತ್ತಿರವಾದರೆ 9 ಮಿ.ಮೀ.ವರೆಗೆ. ಆದ್ದರಿಂದ ಬಾಗು ದೊಡ್ಡದಾಗಿ ಕಂಡರೂ ನೀವು ಕತ್ತರಿಸಿ ತೆಗೆಯಬೇಕಾದದ್ದು ಬಹಳ ಕಡಿಮೆ.

ಸೇತುವೆಯ ಎರಡೂ ತುದಿಗಳಿಂದ ತುಸು ಆಚೆಗೆ, ಜಲ್ಲಿ ಆರಂಭವಾಗುವ ಕಡೆ, ಸಣ್ಣ ಹಲ್ಲಿನ ಗರಗಸದಿಂದ ಹಳಿಗಳನ್ನು ಕತ್ತರಿಸಿ. ಕತ್ತರಿಸಿದ ಕೂಡಲೇ ಒತ್ತಡ ಇಳಿದು ಹಳಿ ತಾನಾಗಿ ನೇರವಾಗುತ್ತದೆ. ತುದಿಗಳು ಒಂದನ್ನೊಂದು ಮುಟ್ಟಿದರೆ ಅರ್ಧ ಮಿ.ಮೀ. ಸಂದು ಉಳಿಯುವವರೆಗೆ ಅರದಿಂದ ಉಜ್ಜಿ, ಹಳಿಗಳ ತುದಿಗಳನ್ನು ಸೇರಿಸುವ ಜೋಡಣೆಯ ತಗಡನ್ನು ಬೆಸುಗೆ ಹಾಕದೆ ಜಾರುವಂತೆಯೇ ಬಿಡಿ. ಈಗ ಹಲಗೆ ಅತ್ಯಂತ ಕುಗ್ಗಿರುವ ಕಾಲವಾದ್ದರಿಂದ ಅರ್ಧ ಮಿ.ಮೀ. ಸಾಕು. ಜುಲೈನಲ್ಲಿ ಅದೇ ಸಂದು ಇನ್ನಷ್ಟು ಅಗಲವಾಗುತ್ತದೆ, ಅದಕ್ಕೆ ಗಾಬರಿಯಾಗಬೇಕಾಗಿಲ್ಲ. ಮಳೆಗಾಲದಲ್ಲಿ ಹಳಿ ಹಾಸುವವರು ಮಾತ್ರ ಆಗಲೇ ಅಗಲವಾದ ಸಂದು ಬಿಡಬೇಕು. ನನ್ನನ್ನು ಕೇಳಿದರೆ, ಕೊಡಗಿನಲ್ಲಿ ಹಳಿ ಹಾಸಲು ತಕ್ಕ ತಿಂಗಳು ಮಾರ್ಚ್. ಕಕ್ಕಡದಲ್ಲಿ ಮನೆಯೊಳಗೆ ಕೂತು ಮರ ಮತ್ತು ಕಟ್ಟಡಗಳ ಮಾದರಿಗಳನ್ನು ಮಾಡಿಕೊಳ್ಳಬಹುದು.

ಒಣಗಿರುವ ಈ ದಿನಗಳಲ್ಲೇ ಪ್ಲೈವುಡ್‌ನ ಕೆಳಭಾಗಕ್ಕೂ ಕತ್ತರಿಸಿದ ಅಂಚುಗಳಿಗೂ ಎರಡು ಕೋಟು ವಾರ್ನಿಶ್ ಅಥವಾ ಎಣ್ಣೆಬಣ್ಣ ಬಳಿಯಿರಿ. ತೇವ ಹೆಚ್ಚಾಗಿ ನುಗ್ಗುವುದು ಅಂಚಿನಿಂದ. ಬಣ್ಣ ಅದನ್ನು ಪೂರ್ತಿ ತಡೆಯುವುದಿಲ್ಲ, ಆದರೆ ಹಲಗೆಯ ಏರಿಳಿತವನ್ನು ನಿಧಾನವಾಗಿಸುತ್ತದೆ.

ಇನ್ನು ಸುರಂಗದ ವಿಷಯ. ಮೊದಲು ಎಂಜಿನ್ನನ್ನು ಇಳಿಜಾರಿನ ದಿಕ್ಕಿನಲ್ಲಿ, ಬೋಗಿಗಳಿಲ್ಲದೆ ಓಡಿಸಿ ನೋಡಿ. ಏರುವಾಗ ಮಾತ್ರ ಚಕ್ರ ಸುತ್ತುತ್ತಲೇ ಎಂಜಿನ್ ನಿಂತರೆ ಅದು ಹಿಡಿತದ ಕೊರತೆ. ಇಳಿಯುವಾಗಲೂ ಅದೇ ಜಾಗದಲ್ಲಿ ನಿಂತರೆ ವಿದ್ಯುತ್ತಿನ ಕೊರತೆ. ಎರಡನೆಯದಾಗಿದ್ದರೆ ಮಲ್ಟಿಮೀಟರ್ ಒಂದನ್ನೇ ನಂಬಬೇಡಿ, ಏಕೆಂದರೆ ಮೀಟರ್ ಬಹಳ ಅಲ್ಪ ಕರೆಂಟ್ ಎಳೆಯುವುದರಿಂದ ಕೆಟ್ಟ ಜೋಡಣೆಯ ಆಚೆಗೂ ಪೂರ್ಣ ವೋಲ್ಟೇಜ್ ತೋರಿಸುತ್ತದೆ. 12 ವೋಲ್ಟಿನ ಒಂದು ಸಣ್ಣ ಬೈಕ್ ಬಲ್ಬನ್ನು ಹಳಿಗೆ ಹಿಡಿದು, ಅದು ಉರಿಯುತ್ತಿರುವಾಗಲೇ ಅಳೆಯಿರಿ. ಡಿಜಿಟಲ್ ನಿಯಂತ್ರಣದ ಅಲೆ ಚೌಕಾಕಾರದ್ದಾದ್ದರಿಂದ ಸಾಮಾನ್ಯ ಮೀಟರ್ ನಿಖರ ಸಂಖ್ಯೆ ಕೊಡದಿದ್ದರೂ, ನಿಲ್ದಾಣದ ಬಳಿಯ ಮತ್ತು ಸುರಂಗದೊಳಗಿನ ಅಂಕಿಗಳನ್ನು ಹೋಲಿಸಲು ಸಾಕಾಗುತ್ತದೆ. ಬಲ್ಬ್ ಸುರಂಗದಲ್ಲಿ ಮಂಕಾದರೆ ಜೋಡಣೆಯ ತಗಡುಗಳ ಮೂಲಕ ಕರೆಂಟ್ ಹರಿಯುವುದನ್ನೇ ನಂಬಿಕೊಂಡಿದ್ದೀರಿ ಎಂದರ್ಥ. ಹಲಗೆಯ ಕೆಳಗೆ 1.5 ಚದರ ಮಿ.ಮೀ. ತಂತಿಗಳ ಒಂದು ಜೋಡಿಯನ್ನು ಉದ್ದಕ್ಕೂ ಎಳೆದು, ಪ್ರತಿಯೊಂದು ಹಳಿಯ ತುಂಡಿಗೂ 0.5 ಚದರ ಮಿ.ಮೀ. ತಂತಿಯನ್ನು ಬೆಸುಗೆ ಹಾಕಿ ಸೇರಿಸಿ. ಸೇತುವೆಯ ಬಳಿ ಈಗ ಸಂದು ಬಿಡುವುದರಿಂದ ಅಲ್ಲಿ ಇದು ಕಡ್ಡಾಯ. ಕೊನೆಗೆ ಒಂದು ನಾಣ್ಯವನ್ನು ಎರಡು ಹಳಿಗಳ ಮೇಲೆ ಅಡ್ಡಲಾಗಿಟ್ಟು ನೋಡಿ: ಮಾರ್ಗದ ಯಾವ ಜಾಗದಲ್ಲಿಟ್ಟರೂ ನಿಯಂತ್ರಕ ತಕ್ಷಣ ಕರೆಂಟ್ ಕಡಿಯಬೇಕು. ಕಡಿಯದಿದ್ದರೆ ಕೂಡಲೇ ನಾಣ್ಯ ತೆಗೆಯಿರಿ. ಅಲ್ಲಿ ತಂತಿ ಸಾಲದು.

ಎಮರಿ ಕಾಗದ ಬೇಡವೇ ಬೇಡ. ಅದು ಬಿಡುವ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಸೇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿದ ಬಟ್ಟೆಯಿಂದ ಹಳಿಯನ್ನೂ ಚಕ್ರಗಳನ್ನೂ ಒರೆಸಿ. ಸುರಂಗದ ಮೇಲಿನ ಗುಡ್ಡ ಎತ್ತಿ ತೆಗೆಯುವಂತಿಲ್ಲದಿದ್ದರೆ ಅದನ್ನು ಹಾಗೆ ಮಾಡಿಕೊಳ್ಳುವುದು ಒಳ್ಳೆಯದು. ಕೈ ಹೋಗದ ಹಳಿ ಎಂದಾದರೊಂದು ದಿನ ಕೈಕೊಡುತ್ತದೆ.

ಉತ್ತರ: ವಿರಾಜಪೇಟೆಯಿಂದ

ಹಳಿಯ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಚಿತ್ರದ ವಿಷಯಕ್ಕೆ ಬರುತ್ತೇನೆ. ಹಾಲಿನಂಥ ಬಿಳುಪು ಎಂದಿರಲ್ಲ, ಅದನ್ನೇ ಮೊದಲು ನೋಡಿ. ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಬೆಳಕು ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿದಾಗ ಒಳಗೆ ಸಣ್ಣ ಎಳೆಗಳು ಕಂಡರೆ ಅದು ಬೂಷ್ಟು. ನಮ್ಮೂರಿನ ಮಳೆಗಾಲದಲ್ಲಿ ಬೀರುವಿನಲ್ಲಿ ಚರ್ಮದ ಚೀಲದೊಳಗಿಟ್ಟ ಕ್ಯಾಮೆರಾಕ್ಕೆ ಇದು ತಪ್ಪಿದ್ದಲ್ಲ. ಒಳಗಿನ ಗಾಜನ್ನು ಮನೆಯಲ್ಲಿ ಬಿಚ್ಚಬೇಡಿ, ದುರಸ್ತಿ ಬಲ್ಲವರಿಗೆ ಕೊಡಿ. ಮುಂದೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆಗೆ ಒಂದು ಸಣ್ಣ ಆರ್ದ್ರತಾ ಮಾಪಕವನ್ನೂ ಇಟ್ಟು, ಅಂಕಿ 40ರಿಂದ 50 ಶೇಕಡದ ನಡುವೆ ಇರುವಂತೆ ನೋಡಿಕೊಳ್ಳಿ. ಜೆಲ್‌ನ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು.

ಅಡ್ಡಪಟ್ಟೆಗಳಿಗೆ ಕಾರಣ ನಿಮ್ಮ ಎಲ್‌ಇಡಿ ದೀಪ. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಮೊಬೈಲ್ ಚಿತ್ರವನ್ನು ಸಾಲು ಸಾಲಾಗಿ ದಾಖಲಿಸುವಾಗ ಆ ಮಿನುಗು ಪಟ್ಟೆಯಾಗಿ ಉಳಿಯುತ್ತದೆ. ಶಟರ್ ವೇಗವನ್ನು 1/100 ಅಥವಾ 1/50 ಸೆಕೆಂಡಿಗೆ ಕಟ್ಟಿಹಾಕಿ. ರೈಲು ನಿಂತೇ ಇರುವುದರಿಂದ ಟ್ರೈಪಾಡ್ ಮೇಲೆ ಅರ್ಧ ಸೆಕೆಂಡ್ ತೆರೆದಿಟ್ಟರೆ ಇನ್ನೂ ಉತ್ತಮ. ಎಂಜಿನ್ನಿನ ಹೆಡ್‌ಲೈಟ್‌ನ ಮಿನುಗೂ ಅದರಲ್ಲಿ ಮಾಯವಾಗುತ್ತದೆ.

ಮಾದರಿಯ ಚಿತ್ರ ಆಟಿಕೆಯಂತೆ ಕಾಣಲು ಮುಖ್ಯ ಕಾರಣ ಕ್ಯಾಮೆರಾದ ಎತ್ತರ. ನಿಂತ ಮನುಷ್ಯನ ಕಣ್ಣು ನೆಲದಿಂದ 1.6 ಮೀಟರ್ ಮೇಲಿದ್ದರೆ 1:87ರಲ್ಲಿ ಅದು 18 ಮಿ.ಮೀ. ಮಾತ್ರ. ದೊಡ್ಡ ಕ್ಯಾಮೆರಾವನ್ನು ಹಲಗೆಯ ಮೇಲಿಟ್ಟರೂ ಲೆನ್ಸಿನ ನಡುಭಾಗ 4–5 ಸೆಂ.ಮೀ. ಎತ್ತರದಲ್ಲಿರುತ್ತದೆ, ಅಂದರೆ ಮಹಡಿಯ ಮೇಲಿನಿಂದ ನೋಡಿದ ಹಾಗಾಯಿತು. ಮೊಬೈಲನ್ನು ತಲೆಕೆಳಗಾಗಿ ನಿಲ್ಲಿಸಿದರೆ ಅದರ ಲೆನ್ಸ್ ನೆಲಕ್ಕೆ ಹತ್ತಿರ ಬರುತ್ತದೆ; ಚಿಕ್ಕ ಸೆನ್ಸರ್ ಆದ್ದರಿಂದ ಹಿಂದುಮುಂದಿನ ಸ್ಪಷ್ಟತೆಯೂ ಹೆಚ್ಚು ಸಿಗುತ್ತದೆ. ದೊಡ್ಡ ಕ್ಯಾಮೆರಾವೇ ಬೇಕೆಂದರೆ ಹಲಗೆಯ ಅಂಚಿನ ಹೊರಗೆ, ಅದಕ್ಕಿಂತ ಕೆಳಗೆ ಟ್ರೈಪಾಡ್ ಇಡಿ.

ದೊಡ್ಡ ಕ್ಯಾಮೆರಾದಲ್ಲಿ ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರವನ್ನು ಎಫ್/22ರವರೆಗೆ ಕಿರಿದಾಗಿಸಿದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಅದರ ಬದಲು ಎಫ್/8ರಲ್ಲಿ ಇಟ್ಟು, ಎಂಜಿನ್ನಿನ ಮುಂತುದಿಯ ಬಫರ್‌ನಿಂದ ಆರಂಭಿಸಿ ಹಿನ್ನೆಲೆಯ ಬೆಟ್ಟದವರೆಗೆ ಫೋಕಸ್ಸನ್ನು ಸ್ವಲ್ಪಸ್ವಲ್ಪವಾಗಿ ಸರಿಸುತ್ತ ಹಲವು ಚಿತ್ರಗಳನ್ನು ತೆಗೆದು, ಹೆಲಿಕಾನ್ ಫೋಕಸ್ ಅಥವಾ ಜೆರೀನ್ ಸ್ಟ್ಯಾಕರ್‌ನಂಥ ತಂತ್ರಾಂಶದಲ್ಲಿ ಅವುಗಳ ಸ್ಪಷ್ಟ ಭಾಗಗಳನ್ನು ಒಂದಾಗಿಸಿ. ಬೆಳಕಿನ ಪ್ರಮಾಣ, ವೈಟ್ ಬ್ಯಾಲೆನ್ಸ್ ಎರಡನ್ನೂ ಕೈಯಿಂದಲೇ ನಿಗದಿಪಡಿಸಿರಬೇಕು. ಮಾಳಿಗೆಯ ನೆಲ ಮರದ ಹಲಗೆಯದಾಗಿದ್ದರೆ ಟೈಮರ್ ಒತ್ತಿ ಅಲ್ಲಾಡದೆ ನಿಲ್ಲಿ. ಎಂಜಿನ್ನಿನ ಸದ್ದನ್ನೂ ಆರಿಸಿಡಿ, ಅದರ ಸಣ್ಣ ಸ್ಪೀಕರ್‌ನ ಕಂಪನವೂ ಚಿತ್ರದಲ್ಲಿ ಕಾಣುತ್ತದೆ.

ರೈಲನ್ನು ನೇರವಾಗಿ ಎದುರಿನಿಂದ ತೆಗೆಯಬೇಡಿ. ಮಾರುಕಟ್ಟೆಯ 16.5 ಮಿ.ಮೀ. ಹಳಿ 1435 ಮಿ.ಮೀ. ಗೇಜಿಗೆ ಹೊಂದುವಂಥದ್ದು, ನಮ್ಮ 1676 ಮಿ.ಮೀ. ಬ್ರಾಡ್‌ಗೇಜಿಗೆ ಸುಮಾರು 19.3 ಮಿ.ಮೀ. ಬೇಕಾಗುತ್ತದೆ. ಈ ಕಿರಿದುತನ ಎದುರಿನಿಂದ ಎದ್ದು ಕಾಣುತ್ತದೆ, ಓರೆಯಾಗಿ ನೋಡಿದರೆ ಅಡಗುತ್ತದೆ. ತಿರುವುಗಳನ್ನು ಒಳಬದಿಯಿಂದಲೇ ತೆಗೆಯಿರಿ. ನಮ್ಮ ಬ್ರಾಡ್‌ಗೇಜಿನ ಅತಿ ಕಡಿದಾದ 10 ಡಿಗ್ರಿ ತಿರುವಿನ ತ್ರಿಜ್ಯವೂ 175 ಮೀಟರ್, ಅಂದರೆ ಮಾದರಿಯಲ್ಲಿ 2 ಮೀಟರ್. ಕೋಣೆಯೊಳಗೆ ಅಷ್ಟು ಯಾರಿಗೂ ಸಿಗುವುದಿಲ್ಲ, ಒಳಬದಿಯಿಂದ ನೋಡಿದಾಗ ಬೋಗಿಗಳ ನಡುವಿನ ಅಂತರ ಮುಚ್ಚಿಕೊಂಡು ಆ ಕೊರತೆ ಮರೆಯಾಗುತ್ತದೆ.

ಬೆಳಕಿನ ವಿಷಯದಲ್ಲಿ ನನಗೊಂದು ಹಟವಿದೆ. ಘಟ್ಟದ ಮಳೆಗಾಲದ ದೃಶ್ಯಕ್ಕೆ ಬಿಸಿಲಿನ ಗಡುಸು ನೆರಳು ಹೊಂದುವುದಿಲ್ಲ. ಒಂದೇ ದೀಪವನ್ನು ಬಿಳಿ ಥರ್ಮಾಕೋಲ್ ಹಾಳೆಗೆ ತಿರುಗಿಸಿ, ಅದರಿಂದ ಮರಳುವ ಮೆತ್ತನೆಯ ಬೆಳಕಿನಲ್ಲಿ ತೆಗೆಯಿರಿ. ಮಾದರಿಯ ಹುಲ್ಲು, ಎಲೆಗಳಿಗೆಂದು ಅಂಗಡಿಯಲ್ಲಿ ಸಿಗುವ ಹಸಿರು ಪುಡಿಯ ಥಳಕನ್ನು ಕಂದು ಬಣ್ಣದ ತೆಳು ನೀರು ಸಿಂಪಡಿಸಿ ತಗ್ಗಿಸಬೇಕು. ಮಡಿಕೇರಿಯಲ್ಲಿ ಇರುವವರಿಗೆ ಕಾಡಿನ ಹಸಿರು ಎಷ್ಟು ಕಪ್ಪಗಿರುತ್ತದೆಂದು ನಾನು ಹೇಳಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ಸೇತುವೆಯ ಮೊದಲ ತುದಿಯಲ್ಲಿ ಗರಗಸ ಹಳಿಯನ್ನು ದಾಟುತ್ತಿದ್ದಂತೆಯೇ ಟಕ್ಕೆಂದು ಸದ್ದಾಗಿ ಬಾಗು ಬಹುಮಟ್ಟಿಗೆ ಇಳಿಯಿತು. ಬಲ್ಬ್ ಸುರಂಗದಲ್ಲಿ ನಿಜಕ್ಕೂ ಮಂಕಾಗಿತ್ತು. ಅಲ್ಲಿಗೆ ಹೊಸ ತಂತಿ ಕೊಟ್ಟ ಮೇಲೆ ಎಂಜಿನ್ ನಿಲ್ಲುತ್ತಿಲ್ಲ, ನಾಣ್ಯದ ಪರೀಕ್ಷೆಯೂ ಎಲ್ಲ ಕಡೆ ಸರಿಯಾಗಿದೆ. ಲೆನ್ಸಿನಲ್ಲಿ ಬೂಷ್ಟಿದೆ, ಅದನ್ನು ದುರಸ್ತಿಗೆ ಕಳುಹಿಸಿ ಬೇರೊಂದು ಲೆನ್ಸಿನಿಂದ ಚಿತ್ರಗಳನ್ನು ತೆಗೆದು ಜೆರೀನ್‌ನಲ್ಲಿ ಸೇರಿಸಿದೆ. ರೈಲು, ಸೇತುವೆ ಚೆನ್ನಾಗಿ ಬಂದಿವೆ, ಆದರೆ ಮುಂದಿರುವ ಸಿಲ್ವರ್ ಓಕ್ ರೆಂಬೆಗಳ ಸುತ್ತ ಮಸುಕಾದ ಪ್ರಭೆಯೊಂದು ಕಾಣಿಸುತ್ತದೆ. ಸೇತುವೆಯ ಹಳಿ ಪೂರ್ತಿ ನೇರವಾಗಿದೆಯೇ ಎಂಬುದೂ ಬರಿಗಣ್ಣಿಗೆ ತಿಳಿಯುತ್ತಿಲ್ಲ.

ಉತ್ತರ: ವಿರಾಜಪೇಟೆಯಿಂದ

ಪ್ರಭೆ ಬರುವುದು ಮುಂದಿನ ರೆಂಬೆಯೂ ಹಿಂದಿನ ಬೆಟ್ಟವೂ ಒಂದೇ ಜಾಗದಲ್ಲಿ ಪೈಪೋಟಿ ನಡೆಸುವುದರಿಂದ. ಜೆರೀನ್‌ನಲ್ಲಿ ಚಿತ್ರಗಳನ್ನು ಒಂದಾಗಿಸಲು ಇರುವ ಎರಡು ವಿಧಾನಗಳಲ್ಲಿ ಡಿಮ್ಯಾಪ್ ಬದಲು ಪಿಮ್ಯಾಕ್ಸ್ ಆರಿಸಿ. ಒಂದರ ಮೇಲೊಂದು ಹಾಯುವ ತೆಳು ಗೆರೆಗಳನ್ನು ಅದು ಚೆನ್ನಾಗಿ ನಿಭಾಯಿಸುತ್ತದೆ. ಆಕಾಶದಂಥ ನುಣುಪಾದ ಭಾಗಗಳಲ್ಲಿ ಮಾತ್ರ ಅದು ಕಾಳುಕಾಳಾಗಿಸುವುದರಿಂದ, ಹಿನ್ನೆಲೆಯನ್ನು ಡಿಮ್ಯಾಪ್ ಚಿತ್ರದಿಂದ ತಂದು ಮೇಲೆ ಬಳಿಯಬಹುದು. ರೆಂಬೆಗಳಿರುವ ದೂರದಲ್ಲಿ ಫೋಕಸ್ಸಿನ ಹೆಜ್ಜೆಗಳನ್ನೂ ಇನ್ನಷ್ಟು ಹತ್ತಿರವಾಗಿಸಿ.

ಹಳಿ ನೇರವಾಗಿದೆಯೇ ಎಂದು ತಿಳಿಯಲು ಅದೇ ಕ್ಯಾಮೆರಾ ಸಾಕು. ನಿಮ್ಮಲ್ಲಿರುವ ಅತಿ ಉದ್ದದ ಫೋಕಲ್ ದೂರದ ಲೆನ್ಸನ್ನು ಹಳಿಯ ಮಟ್ಟದಲ್ಲಿ, ಹಲಗೆಯ ತುದಿಯಿಂದ ಸಾಧ್ಯವಾದಷ್ಟು ಹಿಂದೆ ಇಟ್ಟು, ಹಳಿಯ ಉದ್ದಕ್ಕೂ ನೋಡುವಂತೆ ಒಂದು ಚಿತ್ರ ತೆಗೆಯಿರಿ. ಹಾಗೆ ನೋಡಿದಾಗ ಹಳಿಯ ಉದ್ದವೆಲ್ಲ ಚಿತ್ರದಲ್ಲಿ ಮುದುಡಿಕೊಳ್ಳುತ್ತದೆ, ಪಕ್ಕದ ಬಾಗು ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಅರ್ಧ ಮಿ.ಮೀ. ವ್ಯತ್ಯಾಸವೂ ಎದ್ದು ಕಾಣುತ್ತದೆ. ಈಗೊಂದು, ಜುಲೈನಲ್ಲಿ ಕ್ಯಾಮೆರಾವನ್ನು ಅದೇ ಜಾಗದಲ್ಲಿಟ್ಟು ಇನ್ನೊಂದು ತೆಗೆದಿಟ್ಟರೆ ಸಂದು ಎಲ್ಲಿ ಸಾಲದೆಂಬುದು ಮುಂದಿನ ಮಾರ್ಚ್ ಬರುವ ಮೊದಲೇ ತಿಳಿಯುತ್ತದೆ.