ಮಗಳಿಗೆ ಎಕನಾಮಿಕ್ಸೇ ಬೇಕಂತೆ, ಪಿಯುಸಿಗೆ ಯಾವ ಕಾಂಬಿನೇಷನ್ ಕೊಡಿಸಲಿ?

ಸೋಮವಾರಪೇಟೆ_ಅಪ್ಪ
ಮಗಳದು ಎಸ್ಸೆಸ್ಸೆಲ್ಸಿ ಆಯಿತು, ಲೆಕ್ಕದಲ್ಲಿ ಒಳ್ಳೆ ಮಾರ್ಕ್ಸ್ ಇದೆ. ನೆಂಟರಿಷ್ಟರೆಲ್ಲ ಸೈನ್ಸ್ ಕೊಡಿಸಿ ಅನ್ನುತ್ತಾರೆ. ಅವಳು ಮಾತ್ರ ಎಕನಾಮಿಕ್ಸ್ ಅಂತ ಹಟ ಹಿಡಿದಿದ್ದಾಳೆ. ನಮ್ಮದು ಸಣ್ಣ ಕಾಫಿ ತೋಟ, ಮನೆಯಲ್ಲಿ ದಿನಾ ರೇಟಿನದ್ದೇ ಮಾತು, ಅದನ್ನು ಕೇಳಿ ಕೇಳಿ ಹತ್ತಿದ ಹುಚ್ಚು ಇರಬೇಕು. ಆರ್ಟ್ಸಿನ ಎಚ್‌ಇಪಿಎಸ್ಸಾ, ಕಾಮರ್ಸಿನ ಎಚ್‌ಇಬಿಎನಾ (ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ)? ಮುಂದೆ ಕೆಲಸ ಸಿಗುತ್ತಾ?

ಗೋಣಿಕೊಪ್ಪ_ಮೇಷ್ಟ್ರು
ಎಚ್‌ಇಪಿಎಸ್ ಕೊಡಿಸಿ ಸಾರ್. ಎಕನಾಮಿಕ್ಸ್, ಹಿಸ್ಟರಿ, ಪೊಲಿಟಿಕಲ್ ಸೈನ್ಸ್ ಎಲ್ಲಾ ಇರುತ್ತೆ, ಕೆಎಎಸ್ ಬರೆಯುವುದಾದರೆ ಆಮೇಲೆ ಅದೇ ಉಪಯೋಗಕ್ಕೆ ಬರುತ್ತೆ. ಎಂಎ ಮಾಡಿ ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಅಥವಾ ಕೆಸೆಟ್ ಪಾಸಾದರೆ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಬಹುದು. ಆರ್ಟ್ಸ್ ಅಂದರೆ ಮೂಗು ಮುರಿಯುವವರ ಮಾತು ಕೇಳಬೇಡಿ.

ನಾಪೋಕ್ಲು_ಹುಡುಗಿ
ಮೇಷ್ಟ್ರೇ, ಕೆಎಎಸ್‌ಗೆ ನಿಮ್ಮ ಮಾತು ಸರಿ. ಆದರೆ ಆ ಹುಡುಗಿ ಕೇಳುತ್ತಿರುವುದು ಎಕನಾಮಿಕ್ಸ್ ಅಲ್ವಾ? ಲೆಕ್ಕ ಚೆನ್ನಾಗಿ ಬರುವವಳಿಗೆ ಲೆಕ್ಕ ಬಿಡಿಸಬೇಡಿ. ಪಿಯುಸಿಯಲ್ಲಿ ಎಕನಾಮಿಕ್ಸ್ ಪುಸ್ತಕ ಓದಿದರೆ ಅರ್ಥವಾಗುತ್ತೆ, ಡಿಗ್ರಿಗೆ ಹೋದ ಮೇಲೆ ಕ್ಯಾಲ್ಕುಲಸ್, ಸ್ಟಾಟಿಸ್ಟಿಕ್ಸ್ ಶುರುವಾಗುತ್ತೆ, ಎಂಎಗೆ ಬಂದರೆ ಎಕನಾಮೆಟ್ರಿಕ್ಸ್, ಅಂದರೆ ಅಂಕಿಅಂಶ ಇಟ್ಟು ಆರ್ಥಿಕ ವಿಷಯ ಅಳೆಯುವುದು, ಅಲ್ಲಿ ಲೆಕ್ಕ ಇಲ್ಲದೆ ಒಂದು ಪುಟ ದಾಟುವುದೂ ಕಷ್ಟ. ದೆಹಲಿ ವಿಶ್ವವಿದ್ಯಾಲಯದ ಎಕನಾಮಿಕ್ಸ್ ಆನರ್ಸ್‌ಗೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆಯಲ್ಲಿ ಗಣಿತದ ಪೇಪರ್ ಬರೆಯಲೇಬೇಕು. ಪಿಯುಸಿಯಲ್ಲಿ ಎಕನಾಮಿಕ್ಸ್ ಓದಿರಬೇಕು ಅಂತ ಅಲ್ಲಿ ಇಲ್ಲ! ಹಾಗಾಗಿ ಸೈನ್ಸ್ ತಗೊಂಡು ಆಮೇಲೆ ಎಕನಾಮಿಕ್ಸಿಗೆ ಹೋಗುವವರೂ ಇದ್ದಾರೆ.

ಕಾಮರ್ಸ್ ಇಷ್ಟವಾದರೆ ಎಂಇಬಿಎ ಸಿಗುತ್ತಾ ನೋಡಿ, ಅದರಲ್ಲಿ ಹಿಸ್ಟರಿ ಬದಲು ಗಣಿತವೇ ಇರುತ್ತೆ. ಇಲ್ಲದಿದ್ದರೆ ಎಸ್‌ಇಬಿಎ, ಹಿಸ್ಟರಿ ಬದಲು ಸ್ಟಾಟಿಸ್ಟಿಕ್ಸ್. ಕಾಮರ್ಸಿನವರ ಬೇಸಿಕ್ ಮ್ಯಾಥ್ಸ್ ಬೇರೆ, ಸೈನ್ಸಿನವರ ಮ್ಯಾಥ್ಸ್ ಬೇರೆ, ಅಡ್ಮಿಷನ್ ದಿನ ಇವೆರಡನ್ನು ಒಂದೇ ಅಂದುಕೊಳ್ಳಬೇಡಿ.

ದೂರ ಕಳಿಸಲು ಮನಸ್ಸಿಲ್ಲದಿದ್ದರೆ ಬೆಂಗಳೂರಿನ ಬೇಸ್ ಇದೆ, ಅಂದರೆ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್, 2017ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಮೈಸೂರು ಮಾನಸಗಂಗೋತ್ರಿಯಲ್ಲಿ ಎಂಎ ಮಾಡಬಹುದು. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವೀಸ್ ಪರೀಕ್ಷೆಗೆ ಎಕನಾಮಿಕ್ಸಿನಲ್ಲೇ ಪಿಜಿ ಆಗಿರಬೇಕು. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಅಧಿಕಾರಿಗಳ ನೇಮಕಾತಿಯಲ್ಲೂ ಎಕನಾಮಿಕ್ಸ್ ಓದಿದವರಿಗೆ ಪ್ರತ್ಯೇಕ ಹುದ್ದೆಗಳಿವೆ. ಬರೀ ಬಿಎಗೆ ನಿಲ್ಲಿಸಿದರೆ ಮಾತ್ರ ಕೆಲಸ ಹುಡುಕುವುದು ಕಷ್ಟ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಕರಿಮೆಣಸು
ಕಾಫಿ ರೇಟಿನಿಂದ ಹತ್ತಿದ ಹುಚ್ಚು ಅಂದರೆ ಒಳ್ಳೆ ಜಾಗದಲ್ಲೇ ಹುಟ್ಟಿದ್ದಾಳೆ ಬಿಡಿ. ಮೊದಲೆಲ್ಲ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೇ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಬೋರ್ಡೇ ಮಾರುವ ವ್ಯವಸ್ಥೆಗೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. 1992ರಿಂದ ಸಡಿಲ ಮಾಡುತ್ತಾ ಬಂದು 1996ಕ್ಕೆ ಪೂರ್ತಿ ಬಿಟ್ಟರು. ಈಗ ನಮ್ಮ ರೊಬಸ್ಟಾಗೆ ಲಂಡನ್ ಮಾರುಕಟ್ಟೆ ನೋಡಬೇಕು, ಅರೇಬಿಕಾಗೆ ನ್ಯೂಯಾರ್ಕ್. ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೆ ಇಲ್ಲಿ ಚೆರಿ (ಒಣಗಿಸಿದ ಕಾಫಿ ಹಣ್ಣು) ರೇಟು ಏರುತ್ತೆ. ಮೆಣಸಿಗೂ ಹಾಗೇ, ಹೊರಗಿನ ಮೆಣಸು ಅಗ್ಗಕ್ಕೆ ನುಗ್ಗಿತು ಅಂತ 2017ರಲ್ಲಿ ಕೇಂದ್ರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತು. ಪೂಲ್ ಇದ್ದಿದ್ದರೆ ಸಣ್ಣ ಬೆಳೆಗಾರನಿಗೆ ಲಾಭವೋ ನಷ್ಟವೋ ಅಂತ ಅವಳನ್ನೇ ಒಂದು ಪುಟ ಬರೆಯಲು ಹೇಳಿ. ಖುಷಿಯಿಂದ ಬರೆದರೆ ಸೇರಿಸಿ, ಬೇಜಾರು ಮಾಡಿಕೊಂಡರೆ ಇನ್ನೊಂದು ಸಲ ಕೂತು ಮಾತಾಡಿ.

ಸೋಮವಾರಪೇಟೆ_ಅಪ್ಪ
ಎಲ್ಲರಿಗೂ ಥ್ಯಾಂಕ್ಸ್. ಪೂಲಿನ ಕಾಲದ ಕಂತಿನ ಕಥೆ ನಮ್ಮ ತಂದೆ ಈಗಲೂ ಬೈದುಕೊಂಡೇ ಹೇಳುತ್ತಾರೆ, ಅವಳು ಅವರನ್ನೇ ಕೇಳಿ ಬರೆಯಲಿ. ನಾಪೋಕ್ಲು ಅಕ್ಕ, ನಾನು ವಿಚಾರಿಸಿದ ಕಾಲೇಜಿನಲ್ಲಿ ಎಂಇಬಿಎ ಇಲ್ಲ. ಮೈಸೂರಿನಲ್ಲಿ ಹಾಸ್ಟೆಲಿಗೆ ಹಾಕುವುದಾ, ಇಲ್ಲೇ ಸೈನ್ಸಿನ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಕೊಡಿಸುವುದಾ?

ನಾಪೋಕ್ಲು_ಹುಡುಗಿ
ಫಿಸಿಕ್ಸ್, ಕೆಮಿಸ್ಟ್ರಿ ಅವಳಿಗೆ ತಲೆನೋವಾ ಅಂತ ಮೊದಲು ಕೇಳಿ. ಅಲ್ಲ ಅಂದರೆ ಇಲ್ಲೇ ಪಿಸಿಎಂ. ತಲೆನೋವು ಅಂದರೆ ಸುಮ್ನೆ ಎರಡು ವರ್ಷ ಒದ್ದಾಡಿಸಬೇಡಿ, ಮೈಸೂರಿಗೆ ಕಳಿಸಿ.